ನೀಲಿ ಬೆನ್ನು, ಕಿತ್ತಳೆ ಎದೆ: ಟಿಕೆಲ್ಸಾ, ಬ್ಲೂ-ಥ್ರೋಟೆಡ್ಡಾ?

ಹಳ್ಳದದಂಡೆ
ಜಾಗ ಶಿರಸಿ ತಾಲೂಕು. ಅಡಿಕೆ ತೋಟದ ಮೇಲಿನ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಪಕ್ಕದಲ್ಲೇ ಹಳ್ಳ. ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ ಎಂಟೂವರೆ. ಗುಬ್ಬಿಗಿಂತ ತುಸು ಸಣ್ಣ ಹಕ್ಕಿ, ಆಳೆತ್ತರದ ಕೊಂಬೆಯಲ್ಲಿ ನೆಟ್ಟಗೆ ಕೂತಿತ್ತು. ತಲೆ, ಬೆನ್ನು ಕಡುನೀಲಿ, ಎದೆ ಕಿತ್ತಳೆ, ಹೊಟ್ಟೆ ಬಿಳಿ.

ಮೊದಲ ಫೋಟೊ ಪಕ್ಕದಿಂದ ತೆಗೆದದ್ದು. ಎರಡನೆಯದರಲ್ಲಿ ಹಕ್ಕಿ ನಮ್ಮ ಕಡೆಗೇ ಮುಖ ಮಾಡಿದೆ: ಗಂಟಲಿನ ಎರಡೂ ಬದಿ ನೀಲಿ, ನಡುವೆ ಮಾತ್ರ ಎದೆಯ ಕಿತ್ತಳೆ ಮೇಲಕ್ಕೆ ಹತ್ತಿದೆ. ಹಕ್ಕಿ ಗುರುತಿಸುವ ಆ್ಯಪ್‌ಗೆ ಮೊದಲ ಫೋಟೊ ಕೊಟ್ಟರೆ ಟಿಕೆಲ್ಸ್ ಬ್ಲೂ ಫ್ಲೈಕ್ಯಾಚರ್ (ಹಾರಿ ಹುಳ ಹಿಡಿಯುವ ಪುಟ್ಟ ಹಕ್ಕಿಗಳಲ್ಲಿ ಒಂದು) ಅನ್ನುತ್ತದೆ, ಎರಡನೆಯದು ಕೊಟ್ಟರೆ ಬ್ಲೂ-ಥ್ರೋಟೆಡ್ ಬ್ಲೂ ಫ್ಲೈಕ್ಯಾಚರ್ ಅನ್ನುತ್ತದೆ. ಹಕ್ಕಿ ಒಂದೇ!

ಅದೇ ಪೊದೆಯಲ್ಲಿ ಕಂದು ಬೆನ್ನಿನ, ಕಿತ್ತಳೆ ಗಂಟಲಿನ ಇನ್ನೊಂದು ಹಕ್ಕಿ ಇತ್ತು (ಮೂರನೇ ಫೋಟೊ). ಇದರ ಹೆಣ್ಣೇ? ಊರಿನ ಹಕ್ಕಿಪಟ್ಟಿಗೆ ಸೇರಿಸಬೇಕು, ಅಂದಾಜಿನ ಮೇಲೆ ಬರೆಯುವ ಹಾಗಿಲ್ಲ.

ಕಾಡುಗುಬ್ಬಿ
ಟಿಕೆಲ್ಸ್. ಕಣ್ಣು ಮುಚ್ಚಿ ಹೇಳಬಹುದು.

ಬಿದಿರುಮೆಳೆ
ಸ್ವಲ್ಪ ಕಣ್ಣು ತೆರೆದು ಎರಡನೇ ಫೋಟೊ ನೋಡಿ ಸ್ವಾಮಿ. ಗಂಡು ಬ್ಲೂ-ಥ್ರೋಟೆಡ್ ಅದು.

ಈ ಎರಡರಲ್ಲಿ ಬೆನ್ನಿನ ಬಣ್ಣ ನೋಡಿ ಪ್ರಯೋಜನವಿಲ್ಲ. ಎರಡೂ ಸುಮಾರು 14 ಸೆಂ.ಮೀ., ಎರಡಕ್ಕೂ ಹಣೆ, ಹುಬ್ಬು, ಭುಜದ ಮೇಲೆ ತಿಳಿನೀಲಿ ಹೊಳಪು. ನೋಡಬೇಕಾದ ಜಾಗ ಎರಡೇ.

ಒಂದು, ಗಂಟಲು. ಟಿಕೆಲ್ಸ್ ಗಂಡಿನಲ್ಲಿ ಎದೆಯ ಕಿತ್ತಳೆ ಗಂಟಲಿನ ಪೂರ್ತಿ ಅಗಲಕ್ಕೂ ಹರಡಿ ಹೆಚ್ಚುಕಡಿಮೆ ಗದ್ದದವರೆಗೆ ಹೋಗುತ್ತದೆ. ಬ್ಲೂ-ಥ್ರೋಟೆಡ್‌ನಲ್ಲಿ ಗಂಟಲು ನೀಲಿ, ಕಿತ್ತಳೆ ಎದೆಯಿಂದ ಶುರು. ಆದರೆ ಎಷ್ಟೋ ಬ್ಲೂ-ಥ್ರೋಟೆಡ್ ಗಂಡುಗಳಲ್ಲಿ ಎದೆಯ ಕಿತ್ತಳೆ ಬೆಣೆಯ ಹಾಗೆ ಗಂಟಲಿನ ನಡುವೆ ನುಗ್ಗಿರುತ್ತದೆ: ಕೆಳಗೆ ಅಗಲ, ಮೇಲೆ ಹೋದಂತೆ ಚೂಪು. ನಿಮ್ಮ ಫೋಟೊದಲ್ಲಿರುವುದು ಅದೇ. ಜನ ಎಡವುವುದೂ ಇಲ್ಲೇ. "ಗಂಟಲಲ್ಲಿ ಕಿತ್ತಳೆ ಇದೆ, ಆದ್ದರಿಂದ ಟಿಕೆಲ್ಸ್" ಅಂತ ಬರೆದುಬಿಡುತ್ತಾರೆ.

ಎರಡು, ಎದೆ ಮುಗಿದು ಹೊಟ್ಟೆ ಶುರುವಾಗುವ ಜಾಗ. ಟಿಕೆಲ್ಸ್‌ನಲ್ಲಿ ಕಿತ್ತಳೆ ನಿಂತು ಬಿಳಿ ಶುರುವಾಗುವುದು ಸ್ಪಷ್ಟವಾಗಿ ಕಾಣುತ್ತದೆ. ಬ್ಲೂ-ಥ್ರೋಟೆಡ್‌ನಲ್ಲಿ ಕಿತ್ತಳೆ ಪಕ್ಕೆಗಳ ಕಡೆ ಇಳಿಯುತ್ತ ನಿಧಾನಕ್ಕೆ ತೆಳುವಾಗುತ್ತದೆ.

ಪಕ್ಕದಿಂದ ನೋಡಿದರೆ ಬೆಣೆಯ ಒಂದು ಅಂಚಷ್ಟೇ ಕಾಣುವುದು. ಆ್ಯಪ್ ದಾರಿ ತಪ್ಪಿದ್ದು ಅದಕ್ಕೇ.

ಕಾಡುಗುಬ್ಬಿ
ಟಿಕೆಲ್ಸ್ ಗಂಡಿಗೂ ಕೊಕ್ಕಿನ ಬುಡದಲ್ಲಿ ಕಪ್ಪು ಇರುತ್ತದಲ್ಲ? ತಲೆ ಬಗ್ಗಿಸಿ ಕೂತರೆ ಕೆನ್ನೆಯ ನೆರಳು ಗಂಟಲ ಮೇಲೆ ಬಿದ್ದು ಬದಿಯೆಲ್ಲ ಕಪ್ಪಾಗಿ ಕಾಣಬಹುದು. ಒಂದು ಫೋಟೊ ಇಟ್ಟುಕೊಂಡು ತೀರ್ಪು ಕೊಡುವುದು ಅವಸರ.

ಬಿದಿರುಮೆಳೆ
ಟಿಕೆಲ್ಸ್‌ನ ಗದ್ದದ ಕಪ್ಪು ಕೊಕ್ಕಿಗೆ ಅಂಟಿಕೊಂಡ ಕಿರಿದಾದ ಪಟ್ಟಿ, ಗಂಟಲಿಗೆ ಇಳಿಯುವುದಿಲ್ಲ. ನೆರಳಿನ ಮಾತು ಒಪ್ಪತಕ್ಕದ್ದೇ, ಅದನ್ನು ಪರೀಕ್ಷೆ ಮಾಡುವ ದಾರಿಯೂ ಇದೆ. ನೆರಳಾದರೆ ಕಿತ್ತಳೆಯೇ ಮಂಕಾಗಿ ಕಂದು ಆಗುತ್ತದೆ, ಅಂಚು ಮಸುಕಾಗಿರುತ್ತದೆ. ಗರಿಯ ಬಣ್ಣವೇ ಆದರೆ ಅಂಚು ಖಚಿತ, ಫೋಟೊದ ನೆರಳು ಭಾಗವನ್ನು ಎತ್ತಿದಾಗ (ಕಂಪ್ಯೂಟರಿನಲ್ಲಿ ಬೆಳಗಿಸಿದಾಗ) ನೀಲಿ ಬರುತ್ತದೆ. @ಹಳ್ಳದದಂಡೆ, ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಇದ್ದರೆ ಗಂಟಲಿನ ಭಾಗ ಕತ್ತರಿಸಿ, ನೆರಳು ಎತ್ತಿ ಹಾಕಿ.

ದೇವರಕಾಡು
ಮೂರನೇ ಫೋಟೊ ಬಗ್ಗೆ ಯಾರೂ ಮಾತಾಡ್ತಿಲ್ಲ, ನನಗೆ ಅದೇ ಹೆಚ್ಚು ಕುತೂಹಲ.

ಮೊದಲಿಗೆ, ಅದು ಟಿಕೆಲ್ಸ್ ಹೆಣ್ಣಲ್ಲ. ಟಿಕೆಲ್ಸ್ ಹೆಣ್ಣಿನ ಬೆನ್ನು, ರೆಕ್ಕೆ, ಬಾಲ ಮಂಕಾದರೂ ಬೂದುನೀಲಿ. ಎದೆ ಗಂಡಿಗಿಂತ ಪೇಲವ. ಈ ಗುಂಪಿನಲ್ಲಿ ನಮ್ಮ ಕಡೆ ನೀಲಿ ಛಾಯೆಯ ಬೆನ್ನೂ ಕಿತ್ತಳೆ ಎದೆಯೂ ಇರುವ ಹೆಣ್ಣು ಅದೊಂದೇ. ಪೂರಾ ಕಂದು ಬೆನ್ನು ಕಂಡಿತೆಂದರೆ ಉಳಿಯುವುದು ಎರಡು: ಬ್ಲೂ-ಥ್ರೋಟೆಡ್ ಹೆಣ್ಣು ಅಥವಾ ವೈಟ್-ಬೆಲ್ಲೀಡ್ ಬ್ಲೂ ಫ್ಲೈಕ್ಯಾಚರ್ ಹೆಣ್ಣು.

ವೈಟ್-ಬೆಲ್ಲೀಡ್ ಹೆಣ್ಣಿಗೆ ತಲೆ ಮತ್ತು ಕೆನ್ನೆ ಬೂದಿ, ಬಾಲ ಕೆಂಗಂದು, ಗಂಟಲು–ಎದೆ ದಟ್ಟ ಕಿತ್ತಳೆ. ಬೂದಿ ಮುಖದ ಪಕ್ಕದಲ್ಲಿ ಆ ಕಿತ್ತಳೆ ಎದ್ದು ಕಾಣುತ್ತದೆ. ಕೊಕ್ಕು ಉದ್ದ. ಬ್ಲೂ-ಥ್ರೋಟೆಡ್ ಹೆಣ್ಣಿಗೆ ಮುಖವೂ ಬೆನ್ನಿನಂತೆಯೇ ಕಂದು, ಕಣ್ಣಿನ ಸುತ್ತ ಪೇಲವ ಉಂಗುರ, ಗಂಟಲು ಎದೆಗಿಂತ ತಿಳಿ.

ನಿಮ್ಮ ಫೋಟೊದಲ್ಲಿ ಕೆನ್ನೆ ಬೂದಿ, ಗಂಟಲು ಎದೆ ಒಂದೇ ಬಣ್ಣ. ನನ್ನ ಮತ ವೈಟ್-ಬೆಲ್ಲೀಡ್. ಅಂದರೆ ನಿಮ್ಮ "ಜೋಡಿ" ಜೋಡಿಯೇ ಅಲ್ಲ, ಎರಡು ಬೇರೆ ಬೇರೆ ಹಕ್ಕಿ.

ಹಳ್ಳದದಂಡೆ
ವೈಟ್-ಬೆಲ್ಲೀಡ್ ಇಷ್ಟು ತೋಟದ ಹತ್ತಿರ ಬರುತ್ತದಾ?

ದೇವರಕಾಡು
ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಹಕ್ಕಿ, ಆದರೆ ಘಟ್ಟದೊಳಗೆ ಅಪರೂಪವೇನಲ್ಲ. ಅದಕ್ಕೆ ಬೇಕಾದ್ದು ನೆರಳು, ಕೆಳಗಿನ ಪೊದೆ, ತೇವ. ಸೊಪ್ಪಿನಬೆಟ್ಟದ ಕೆಳಸ್ತರ ಸವರದೆ ಬಿಟ್ಟಿದ್ದರೆ ಸಾಕು, ಇರುತ್ತದೆ. ಸವರಿದ ಕಡೆ ಹುಡುಕಿ ಪ್ರಯೋಜನವಿಲ್ಲ. ಬಯಲಿಗೆ ಬರುವುದಿಲ್ಲ, ಕೂತ ಜಾಗದಲ್ಲೇ ಕೂತಿರುತ್ತದೆ, ಆದ್ದರಿಂದ ಪಕ್ಕದಲ್ಲೇ ನಡೆದುಹೋದರೂ ಗೊತ್ತಾಗುವುದಿಲ್ಲ.

ಅದರ ಗಂಡನ್ನೂ ನೆನಪಿಟ್ಟುಕೊಳ್ಳಿ: ಗಂಟಲು, ಎದೆ ಎಲ್ಲ ಗಾಢ ನೀಲಿ, ಹೊಟ್ಟೆ ಬಿಳಿ, ಕಿತ್ತಳೆ ಎಲ್ಲೂ ಇಲ್ಲ. ಕೊಕ್ಕಿಗೂ ಕಣ್ಣಿಗೂ ನಡುವೆ ಕಪ್ಪು.

ಬಯಲುಸೀಮಿ
ಛಲೋ ಚರ್ಚಾ ನಡದೈತಿ. ನಮ್ಮ ಧಾರವಾಡ ಕಡೆ ಕುರುಚಲು ಕಾಡಿನ್ಯಾಗ ಫೋಟೊಕ್ಕ ಸಿಗೂದ ಕಡಿಮಿ, ಬರೇ ದನಿ ಕೇಳ್ತದ. ದನಿ ಮ್ಯಾಲೆ ಗುರುತು ಹಿಡಿಯೂದು ಹೆಂಗ್ರಿ?

ಕಿವಿಗೊಟ್ಟವ
ನಿಮ್ಮ ಕಡೆಯ ಕುರುಚಲು ಕಾಡಿನಲ್ಲಿ ವರ್ಷಪೂರ್ತಿ ಸಿಗುವುದು ಟಿಕೆಲ್ಸ್. ಹಾಡು ಚುಟುಕು, ಲೋಹದ ನಾದ, ಆರರಿಂದ ಹತ್ತು ಸ್ವರ. ಮೊದಲು ಇಳಿದು ಆಮೇಲೆ ಏರುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಅದನ್ನೇ ಹಾಡುತ್ತದೆ. ಹಾಡದೆ ಇರುವಾಗ "ಟಿಕ್ ಟಿಕ್" ಅಂತ ಒಣ ಸದ್ದು, ಅದರಲ್ಲೂ ಮುಸ್ಸಂಜೆ. ಕತ್ತಲು ಕವಿದ ಮೇಲೂ ಹುಳ ಹಿಡಿಯುತ್ತಿರುತ್ತದೆ, ಹಾಗಾಗಿ ಉಳಿದವು ಸುಮ್ಮನಾದ ಮೇಲೆ ಪೊದೆಯಿಂದ ಈ ಟಿಕ್ ಟಿಕ್ ಕೇಳಿದರೆ ಮೊದಲ ಅನುಮಾನ ಇದರ ಮೇಲೆ.

ಬ್ಲೂ-ಥ್ರೋಟೆಡ್ ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಬರುವುದು, ಇಲ್ಲಿದ್ದಾಗ ಹಾಡುವುದು ಕಡಿಮೆ. ಮೇ–ಜೂನ್‌ನಲ್ಲಿ ಕಿತ್ತಳೆ ಎದೆಯ ನೀಲಿ ಹಕ್ಕಿ ಹಾಡುತ್ತ ಕೂತಿದ್ದರೆ ಗಂಟಲು ನೋಡುವ ಮೊದಲೇ ಟಿಕೆಲ್ಸ್ ಅನ್ನಬಹುದು. ವೈಟ್-ಬೆಲ್ಲೀಡ್‌ನ ಹಾಡು ಕ್ಷೀಣ, ಕಿರುಗುಟ್ಟುವ ಸ್ವರಗಳು; ಹತ್ತಿರ ಇದ್ದರಷ್ಟೇ ಕೇಳುತ್ತದೆ.

ಬಯಲುಸೀಮಿ
ಭಾಳ ಉಪಕಾರ ಆತ್ರಿ.

ಸಿಲ್ಕ್‌ಬೋರ್ಡ್‌ಸಂತ್ರಸ್ತ
ಗುರೂ, ಬೆಂಗಳೂರಿನವರಿಗೂ ಒಂಚೂರು ಹೇಳಿ. ನಂದಿ ಬೆಟ್ಟದಲ್ಲಿ ಚಳಿಗಾಲದಲ್ಲಿ ನಾಲ್ಕೈದು ಥರ ನೀಲಿ ಹಕ್ಕಿ ಇರ್ತವೆ, ಎಲ್ಲ ಕಲಸುಮೇಲೋಗರ.

ಬಿದಿರುಮೆಳೆ
ನಂದಿಯಲ್ಲಿ ಮೊದಲು ನೋಡಬೇಕಾದ್ದು ಹಕ್ಕಿ ಎಲ್ಲಿದೆ, ಏನು ಮಾಡುತ್ತಿದೆ ಅನ್ನುವುದನ್ನು. ಬಣ್ಣ ಆಮೇಲೆ.

ನೆಲದ ಮೇಲೆ ತರಗೆಲೆ ನಡುವೆ ಕುಪ್ಪಳಿಸುತ್ತಿದೆ, ಕಾಲು ಉದ್ದ, ಬಾಲ ಮೋಟು, ಬಿಳಿ ಹುಬ್ಬು, ಕೆನ್ನೆ ಕಪ್ಪು, ಕಿತ್ತಳೆ ಗಂಟಲಿನಿಂದ ಹೊಟ್ಟೆಯವರೆಗೂ ಇಳಿದಿದೆ: ಇಂಡಿಯನ್ ಬ್ಲೂ ರಾಬಿನ್ ಗಂಡು. ಫ್ಲೈಕ್ಯಾಚರ್ ನೆಲಕ್ಕೆ ಇಳಿದರೂ ಹುಳ ಎತ್ತಿಕೊಂಡು ವಾಪಸ್ ಕೊಂಬೆಗೆ ಹೋಗುತ್ತದೆ. ರಾಬಿನ್ ಓಡಾಡುವುದೇ ನೆಲದಲ್ಲಿ.

ಮರದ ಮಧ್ಯದಲ್ಲಿ, ಬಹಳ ಪುಟ್ಟದು, 10 ಸೆಂ.ಮೀ. ಆಸುಪಾಸು, ಗಂಟಲಿನಿಂದ ಹೊಟ್ಟೆವರೆಗೆ ನಡುವೆ ಬಿಳಿ, ಎದೆಯ ಎರಡೂ ಬದಿ ನೀಲಿ, ಬಿಳಿ ಹುಬ್ಬು: ಅಲ್ಟ್ರಾಮರೀನ್ ಫ್ಲೈಕ್ಯಾಚರ್. ಕಿತ್ತಳೆ ಇಲ್ಲವೇ ಇಲ್ಲ.

ದೊಡ್ಡದು, 18 ಸೆಂ.ಮೀ. ಹತ್ತಿರ, ನೀಲಿ ತಲೆ, ಹೊಟ್ಟೆ ಪೂರ್ತಿ ಕೆಂಗಿತ್ತಳೆ, ರೆಕ್ಕೆಯಲ್ಲಿ ಬಿಳಿ ಮಚ್ಚೆ: ಬ್ಲೂ-ಕ್ಯಾಪ್ಡ್ ರಾಕ್ ಥ್ರಶ್. ದೂರದಿಂದ ಬಣ್ಣ ಮಾತ್ರ ನೋಡಿ ಇದನ್ನು ಟಿಕೆಲ್ಸ್ ಅಂತ ಬರೆಯುವವರಿದ್ದಾರೆ.

ಸಿಲ್ಕ್‌ಬೋರ್ಡ್‌ಸಂತ್ರಸ್ತ
ತಂತಿ ಮೇಲೆ ಕೂತಿರುತ್ತಲ್ಲ ನೀಲಿ, ಅದು?

ಕಿವಿಗೊಟ್ಟವ
ಅದು ಮಿಂಚುಳ್ಳಿ 😄

ಬೆಟ್ಟದತುದಿ
ತಮಾಷೆ ಬಿಡಿ, ಕಾಡಿನ ಅಂಚಿನ ತಂತಿ ಮೇಲೆ, ಒಣ ರೆಂಬೆಯ ತುದಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂರುವುದು ವರ್ಡಿಟರ್ ಫ್ಲೈಕ್ಯಾಚರ್. ಮೈಯೆಲ್ಲ ಒಂದೇ ಹಸಿರು ಬೆರೆತ ನೀಲಿ, ಕಣ್ಣಿನ ಮುಂದೆ ಮಾತ್ರ ಕಪ್ಪು. ಇದೂ ಚಳಿಗಾಲದ ಅತಿಥಿ.

ಆದರೆ ಬಾಬಾಬುಡನ್‌ಗಿರಿ, ಬಿಳಿಗಿರಿರಂಗನ ಬೆಟ್ಟದ ಎತ್ತರದ ಶೋಲಾಗಳಲ್ಲಿ (ಬೆಟ್ಟದ ಕಣಿವೆಯ ದಟ್ಟ ಕಾಡು) ವರ್ಡಿಟರ್ ಅಂತ ಬರೆಯುವ ಮೊದಲು ಬಾಲ ನೋಡಿ. ಬಾಲದ ಬುಡದ ಎರಡೂ ಬದಿ ಬಿಳಿ ಮಚ್ಚೆ ಇದ್ದರೆ ನೀಲಗಿರಿ ಫ್ಲೈಕ್ಯಾಚರ್. ಅದರ ನೀಲಿ ಹೆಚ್ಚು ಗಾಢ, ಹಸಿರು ಛಾಯೆ ಇಲ್ಲ, ಹೊಟ್ಟೆ ಬೂದುಬಿಳಿ. ಸಾಮಾನ್ಯವಾಗಿ 1200 ಮೀಟರ್ ಮೇಲೆ, ಅಲ್ಲೇ ಮರಿ ಮಾಡುವ ಹಕ್ಕಿ. ಕೂತಾಗ ಮಚ್ಚೆ ರೆಕ್ಕೆಯಡಿ ಮುಚ್ಚಿಹೋಗುತ್ತದೆ. ಹಾರಿ ಬಾಲ ಬಿಚ್ಚುವ ಕ್ಷಣಕ್ಕೆ ಕಾಯಬೇಕು.

ಅದೇ ಶೋಲಾದ ನೆಲದಲ್ಲಿ, ಹಳ್ಳದ ಬದಿ ಕತ್ತಲಲ್ಲಿ ಬೂದುನೀಲಿ ಮೈ, ಕೆಂಗಂದು ಪಕ್ಕೆಯ ಹಕ್ಕಿ ಕಂಡರೆ ನೀಲಗಿರಿ ಶೋಲಾಕಿಲಿ. 2017ರಲ್ಲಿ ಇದಕ್ಕೂ ಇದರ ಬಂಧುಗಳಿಗೂ ಶೋಲಿಕೋಲಾ ಅನ್ನುವ ಪ್ರತ್ಯೇಕ ಕುಲವೇ ಆಯಿತು. ಹಳೇ ಪುಸ್ತಕಗಳಲ್ಲಿ ಶಾರ್ಟ್‌ವಿಂಗ್ ಅಂತಿರುತ್ತದೆ, ಹುಡುಕಿ ಸಿಗದಿದ್ದರೆ ಗಾಬರಿ ಬೇಡ.

ಕಡಲತೀರ
ಮಾರಾಯ್ರೆ, ನಮ್ಮ ತೋಟದಲ್ಲಿ ಕಾಣುವ ತಿಳಿನೀಲಿ ಹಕ್ಕಿ ಒಂದು ಕ್ಷಣ ಕೂರುವುದಿಲ್ಲ. ಬಾಲ ಬೀಸಣಿಗೆ ಮಾಡಿಕೊಂಡು ಕೊಂಬೆಯಿಂದ ಕೊಂಬೆಗೆ. ಇದು ಯಾವ ಲೆಕ್ಕ?

ದೇವರಕಾಡು
ಬ್ಲ್ಯಾಕ್-ನೇಪ್ಡ್ ಮೊನಾರ್ಕ್. ಗಂಡಿಗೆ ತಲೆಯ ಹಿಂದೆ ಕಪ್ಪು ಮಚ್ಚೆ, ಕೊರಳಿಗೆ ದಾರ ಕಟ್ಟಿದಂಥ ಕಪ್ಪು ಗೆರೆ, ಹೊಟ್ಟೆ ಬಿಳಿ. ಹೆಣ್ಣಿಗೆ ಎರಡೂ ಇಲ್ಲ, ಬೆನ್ನು ಬೂದುಗಂದು, ತಲೆಗೆ ಮಾತ್ರ ನೀಲಿ. ಬೇರೆ ಬೇರೆ ಹಕ್ಕಿ ಸೇರಿ ಬೇಟೆಯಾಡುವ ಗುಂಪಿನಲ್ಲಿ ಸಾಮಾನ್ಯ. ನೋಡಲು ಫ್ಲೈಕ್ಯಾಚರ್‌ಗಳ ಹಾಗೆ ಕಂಡರೂ ಕುಟುಂಬ ಬೇರೆ, ಬಾಲದ ರಾಜಹಕ್ಕಿಯ (ಪ್ಯಾರಡೈಸ್ ಫ್ಲೈಕ್ಯಾಚರ್) ಬಳಗ.

ಮರದ ಕಾಂಡದಲ್ಲಿ ತಲೆಕೆಳಗಾಗಿ ಇಳಿಯುವ, ಕೆಂಪು ಕೊಕ್ಕಿನ ನೀಲಿ ಹಕ್ಕಿಯ ಬಗ್ಗೆ ಮುಂದಿನ ಪ್ರಶ್ನೆ ಬರುತ್ತದೆ ಅಂತ ಗೊತ್ತು: ವೆಲ್ವೆಟ್-ಫ್ರಂಟೆಡ್ ನಟ್‌ಹ್ಯಾಚ್.

ಕಡಲತೀರ
ಅದನ್ನೇ ಕೇಳುವವನಿದ್ದೆ!

ಎಫ್ಫೆಂಟು
ಫೋಟೊ ಹಾಕುವವರಿಗೆ ಒಂದು ಮಾತು. ಅರ್ಧ ಜಗಳ ಕ್ಯಾಮೆರಾದಿಂದ ಹುಟ್ಟುತ್ತಿದೆ.

ಕಪ್ಪು ಕಾಡಿನ ಹಿನ್ನೆಲೆ ಇದ್ದಾಗ ಕ್ಯಾಮೆರಾದ ಬೆಳಕಿನ ಮೀಟರ್ ಎಲ್ಲವನ್ನೂ ಬೆಳಗಿಸಲು ಹೋಗಿ ಬಿಳಿ ಹೊಟ್ಟೆ, ಕಿತ್ತಳೆ ಎದೆ ಎರಡನ್ನೂ ಸುಟ್ಟುಹಾಕುತ್ತದೆ. ಬಿದಿರುಮೆಳೆಯವರು ಹೇಳಿದ ಎದೆ–ಹೊಟ್ಟೆಯ ಗಡಿ ಆ ಫೋಟೊದಲ್ಲಿ ಸಿಗುವುದೇ ಇಲ್ಲ. ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕು) ಮೈನಸ್ 0.7ರಷ್ಟು ಇಳಿಸಿ ತೆಗೆಯಿರಿ, ನೀಲಿಯನ್ನು ಆಮೇಲೆ ಎತ್ತಿಕೊಳ್ಳಬಹುದು. ಹಕ್ಕಿಯ ಹಿಂದೆ ಆಕಾಶ ಇದ್ದರೆ ಉಲ್ಟಾ, ಪ್ಲಸ್ 1 ಅಥವಾ ಅದಕ್ಕಿಂತ ತುಸು ಮೇಲೆ. ಇಲ್ಲದಿದ್ದರೆ ಬರೀ ಕರಿ ಹಕ್ಕಿ.

ಫ್ಲೈಕ್ಯಾಚರ್ ಹುಳ ಹಿಡಿದು ಬಹಳ ಸಲ ಅದೇ ಕೊಂಬೆಗೋ ಅದರ ಪಕ್ಕದ್ದಕ್ಕೋ ವಾಪಸ್ ಬರುತ್ತದೆ. ಹಿಂದೆ ಓಡಬೇಡಿ, ಕೊಂಬೆಗೆ ಫೋಕಸ್ ಇಟ್ಟು ನಿಲ್ಲಿ. ಕೂತಾಗ ಅಲ್ಲಾಡುವುದು ಕಡಿಮೆ, ಕೈಗೆ ಆಸರೆ ಇದ್ದರೆ ಶಟರ್ ವೇಗ 1/200 ಸೆಕೆಂಡ್ ಸಾಕು. ಮೊನಾರ್ಕ್‌ಗೆ ಈ ಲೆಕ್ಕ ನಡೆಯಲ್ಲ, 1/1000 ಆದರೂ ಬೇಕು. ಗುರುತಿಗಾಗಿ ಅಂದರೆ ಎದುರಿನಿಂದ ಒಂದು, ಪಕ್ಕದಿಂದ ಒಂದು, ಬಾಲ ಕಾಣುವ ಹಾಗೆ ಹಿಂದಿನಿಂದ ಒಂದು.

ಕಾಡುಗುಬ್ಬಿ
ಒಂದೇ ಹಕ್ಕಿ ಒಂದು ಫೋಟೊದಲ್ಲಿ ಕಪ್ಪು, ಇನ್ನೊಂದರಲ್ಲಿ ಹೊಳೆಯುವ ನೀಲಿ ಆಗುವುದು ಕ್ಯಾಮೆರಾದಿಂದ ಮಾತ್ರ ಅಲ್ಲ. ಈ ಹಕ್ಕಿಗಳ ಗರಿಯಲ್ಲಿ ನೀಲಿ ವರ್ಣದ್ರವ್ಯ ಇರುವುದಿಲ್ಲ. ಗರಿಯೆಳೆಯೊಳಗಿನ ಅತಿಸೂಕ್ಷ್ಮ ರಚನೆ ನೀಲಿ ಬೆಳಕನ್ನು ಚದುರಿಸಿ ಹೊರಗೆ ಕಳಿಸುತ್ತದೆ, ಅದರಡಿಯ ಮೆಲನಿನ್ ಅನ್ನುವ ಕಪ್ಪು ವರ್ಣದ್ರವ್ಯ ಉಳಿದ ಬೆಳಕನ್ನು ನುಂಗುತ್ತದೆ. ಬೆಳಕು ಸಾಲದಿದ್ದರೆ ಮೆಲನಿನ್ನಿನ ಕಪ್ಪೇ ಉಳಿಯುತ್ತದೆ. ಕಿತ್ತಳೆ ಹಾಗಲ್ಲ, ಅದು ವರ್ಣದ್ರವ್ಯವೇ, ಮಂಕು ಬೆಳಕಲ್ಲೂ ಕಾಣುತ್ತದೆ. ಆದ್ದರಿಂದ "ಕಡುನೀಲಿಯೋ ತಿಳಿನೀಲಿಯೋ" ಅನ್ನುವ ಪ್ರಶ್ನೆಗಿಂತ ಕಿತ್ತಳೆ ಎಲ್ಲಿದೆ, ಬಿಳಿ ಎಲ್ಲಿದೆ ಅನ್ನುವುದನ್ನೇ ನೋಡಬೇಕು.

ಬಿದಿರುಮೆಳೆ
ಇದು ಒಪ್ಪಿದೆ. ಗಂಟಲಿನ ವಿಷಯದಲ್ಲೂ ಇದನ್ನೇ ಅನ್ವಯಿಸಿ 🙂

ಹೊಸಲೆನ್ಸ್
ಇಷ್ಟೆಲ್ಲ ಯಾಕೆ, ಫೋನ್‌ನಲ್ಲಿ ಹಾಡು ಹಾಕಿದರೆ ತಾನಾಗಿ ಎದುರಿಗೆ ಬಂದು ಕೂರುತ್ತೆ. ಗಂಟಲು ಆರಾಮಾಗಿ ನೋಡಬಹುದು.

ದೇವರಕಾಡು
ದಯವಿಟ್ಟು ಬೇಡ. ಟಿಕೆಲ್ಸ್ ನಮ್ಮಲ್ಲಿ ಹೆಚ್ಚಾಗಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಗೂಡು ಕಟ್ಟುತ್ತದೆ. ದರೆಯ ಪೊಟರೆ, ಬೇರಿನ ಸಂದು, ಮರದ ತೂತಿನಲ್ಲಿ ಮೂರರಿಂದ ಐದು ಮೊಟ್ಟೆ. ಹಾಡು ಕೇಳಿದ ಗಂಡು ಎದುರಾಳಿ ಬಂದನೆಂದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ, ಗೂಡಿನ ಕಾವಲು ತಪ್ಪುತ್ತದೆ. ಗೂಡು ಇರುವುದೂ ಆಳೆತ್ತರದೊಳಗೆ, ನೀವು ನಿಂತ ಕಡೆಯೇ ಇರಬಹುದು.

ಹೊಸಲೆನ್ಸ್
ಡಿಸೆಂಬರ್‌ನಲ್ಲಿ ಗೂಡು ಇಲ್ಲವಲ್ಲ. ಎರಡು ಸಲ ಹಾಕಿ ನಿಲ್ಲಿಸಿದರೆ ಏನಾಗುತ್ತೆ? ಎಲ್ಲರೂ ಹಾಕುತ್ತಾರೆ.

ಕಿವಿಗೊಟ್ಟವ
"ಎಲ್ಲರೂ" ಅನ್ನುವುದೇ ತೊಂದರೆ. ಒಬ್ಬರು ಎರಡು ಸಲ, ಅದೇ ಹಳ್ಳಕ್ಕೆ ಭಾನುವಾರ ಬರುವ ಇಪ್ಪತ್ತು ಜನ ಎರಡೆರಡು ಸಲ. ಇನ್ನೊಂದು: ಚಳಿಗಾಲದಲ್ಲೂ ಇವು ತಮ್ಮ ಜಾಗ ಕಾಯುತ್ತವೆ. ನೀರು ಇದ್ದರೆ ಹಾಡು ಬೇಕಿಲ್ಲ. ದಾಂಡೇಲಿ ಕಡೆಯ ಗಣೇಶಗುಡಿಯಲ್ಲಿ ಹಕ್ಕಿಗಳಿಗೆಂದು ಇಟ್ಟ ನೀರಿಗೆ ಬ್ಲೂ-ಥ್ರೋಟೆಡ್, ವೈಟ್-ಬೆಲ್ಲೀಡ್ ತಾವಾಗಿ ಬರುತ್ತವೆ. ಸಂಜೆ ಹಳ್ಳದ ಆಳವಿಲ್ಲದ ಜಾಗದಿಂದ ಹತ್ತು ಹದಿನೈದು ಮೀಟರ್ ದೂರ ಅಲ್ಲಾಡದೆ ಕೂತು ನೋಡಿ.

ಸಿಲ್ಕ್‌ಬೋರ್ಡ್‌ಸಂತ್ರಸ್ತ
ವಿಷಯಾಂತರ: ಈ ಟಿಕೆಲ್ ಯಾರು ಮಾರ್ರೆ? ಎಲ್ಲ ಕಡೆ ಅವನ ಹೆಸರೇ.

ಬೆಟ್ಟದತುದಿ
ಸ್ಯಾಮ್ಯುಯೆಲ್ ಟಿಕೆಲ್, ಬ್ರಿಟಿಷರ ಕಾಲದಲ್ಲಿ ಭಾರತ, ಬರ್ಮಾದಲ್ಲಿದ್ದ ಸೇನಾಧಿಕಾರಿ, ಹಕ್ಕಿ ಅಭ್ಯಾಸ ಮಾಡಿದವ. ಈ ಹಕ್ಕಿಗೆ ಹೆಸರು ಇಟ್ಟಿದ್ದು ಎಡ್ವರ್ಡ್ ಬ್ಲೈತ್, 1843ರಲ್ಲಿ. ಟಿಕೆಲ್ಸ್ ಥ್ರಶ್, ಟಿಕೆಲ್ಸ್ ಲೀಫ್ ವಾರ್ಬ್ಲರ್ ಕೂಡ ಅವನ ಹೆಸರಲ್ಲೇ ಇವೆ.

ಹಳ್ಳದದಂಡೆ
ರಾ ಫೈಲ್‌ನಿಂದ ಗಂಟಲಿನ ಭಾಗ ಕತ್ತರಿಸಿ ಹಾಕಿದ್ದೇನೆ, ನೆರಳು ಎತ್ತಿದ್ದೇನೆ. ಬದಿಗಳು ನೀಲಿಯೇ, ಕಂದು ಅಲ್ಲ. ಕಿತ್ತಳೆ ಅಂಚು ಗೆರೆ ಎಳೆದಷ್ಟು ಸ್ಪಷ್ಟ, ಗಂಟಲಿನ ಅರ್ಧಕ್ಕೆ ಚೂಪಾಗಿ ನಿಂತಿದೆ. ಪಕ್ಕೆಯಲ್ಲಿ ಕಿತ್ತಳೆ ತೆಳುವಾಗುತ್ತ ಹೋಗಿದೆ.

ಬಿದಿರುಮೆಳೆ
ಬ್ಲೂ-ಥ್ರೋಟೆಡ್ ಗಂಡು ಅಂತಲೇ ಬರೆಯಿರಿ. ಟಿಪ್ಪಣಿಯಲ್ಲಿ "ಕಿತ್ತಳೆ ಬೆಣೆ ಗಂಟಲ ಮಧ್ಯದವರೆಗೆ, ಬದಿ ನೀಲಿ, ಎದೆ–ಹೊಟ್ಟೆ ಗಡಿ ಅಸ್ಪಷ್ಟ" ಅಂತ ಸೇರಿಸಿ, ಎರಡೂ ಫೋಟೊ ಲಗತ್ತಿಸಿ. ಪಟ್ಟಿ ಪರಿಶೀಲಿಸುವವರಿಗೆ ಹೆಸರಿಗಿಂತ ಈ ಸಾಲು ಮುಖ್ಯ.

ದೇವರಕಾಡು
ಮೂರನೆಯದನ್ನು ವೈಟ್-ಬೆಲ್ಲೀಡ್ ಹೆಣ್ಣು ಅಂತ ಬೇರೆಯಾಗಿಯೇ ನಮೂದಿಸಿ. ಬಾಲ ಕಾಣುವ ಫೋಟೊ ಇದ್ದರೆ ಅದನ್ನೂ ಹಾಕಿ, ಕೆಂಗಂದು ಬಾಲ ಕಂಡರೆ ಯಾರೂ ತಕರಾರು ಮಾಡುವುದಿಲ್ಲ.

ಕಾಡುಗುಬ್ಬಿ
ನೀಲಿ ಅಂತ ನೀವು ನೋಡುತ್ತಿರುವುದು ನೆರಳಲ್ಲಿ ಬರುವ ನೀಲಿ ಛಾಯೆಯೂ ಆಗಿರಬಹುದು. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹೊಂದಾಣಿಕೆ) ಸರಿಮಾಡಿದ್ದೀರಾ?

ಎಫ್ಫೆಂಟು
ಹೊಟ್ಟೆಯ ಬಿಳಿಯನ್ನೇ ಆಧಾರ ಇಟ್ಟು ಸರಿಮಾಡಿ ನೋಡಿದೆ, ಗಂಟಲ ಬದಿ ಆಗಲೂ ನೀಲಿಯೇ. ಇನ್ನು ವಾದಿಸಬೇಕಾದರೆ ಹಕ್ಕಿಯನ್ನೇ ಕೇಳಬೇಕು.

ಬಯಲುಸೀಮಿ
ನಡುವ ಒಂದು ಕೇಳ್ತೀನಿ. ಮಳಿಗಾಲದ ಹೊತ್ತಿಗೆ ಮೈತುಂಬ ಚುಕ್ಕಿ ಇರೋ ಕಂದು ಹಕ್ಕಿ, ರೆಕ್ಕಿ ಬಾಲ ಅಷ್ಟ ನೀಲಿ. ಇದ್ಯಾವುದ್ರಿ?

ಕಿವಿಗೊಟ್ಟವ
ಟಿಕೆಲ್ಸ್‌ನ ಗೂಡು ಬಿಟ್ಟ ಮರಿ. ತಲೆ, ಬೆನ್ನು, ಎದೆಗೆಲ್ಲ ತಿಳಿಗಂದು ಚುಕ್ಕಿ ಇದ್ದು, ನೀಲಿ ರೆಕ್ಕೆ–ಬಾಲ ಕಂಡರೆ ಅದೇ. ಬ್ಲೂ-ಥ್ರೋಟೆಡ್ ಇಲ್ಲಿ ಮರಿ ಮಾಡುವುದಿಲ್ಲ, ಹಾಗಾಗಿ ಧಾರವಾಡದ ಕಾಡಲ್ಲಿ ಆ ಅನುಮಾನವೇ ಬೇಡ. ಸುತ್ತಮುತ್ತ ಟಿಕ್ ಟಿಕ್ ಅನ್ನುವ ದೊಡ್ಡವು ಇದ್ದೇ ಇರುತ್ತವೆ. ಮರಿ ಹತ್ತಿರ ಹೋಗದೆ ದೂರ ನಿಂತರೆ ಮೇವು ತರಲು ತಾವೇ ಬರುತ್ತವೆ, ಗಂಟಲೂ ಕಾಣುತ್ತದೆ.